ಸಾಂತಾ ಕ್ಲಾಸನ ಚೀಲಕ್ಕೆ ಹಣ ಹಾಕುವವರು ಯಾರು?

ಡಿಸೆಂಬರ್ ಕಾಲಿಟ್ಟಿತೆಂದರೆ ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಮಕ್ಕಳು ಮಲಗಿದ ಮೇಲೆ ಒಂದು ಪಿಸುಮಾತಿನ ಸಭೆ ನಡೆಯುತ್ತದೆ. ಸಭೆಗೆ ಇಬ್ಬರೇ ಸದಸ್ಯರು, ಅಪ್ಪ ಮತ್ತು ಅಮ್ಮ. ವಿಷಯವೂ ಒಂದೇ: ಈ ಸಲ ಮಕ್ಕಳ ಕ್ರಿಸ್‌ಮಸ್ ಉಡುಗೊರೆಗೆ ಎಷ್ಟು ಖರ್ಚು ಮಾಡುವುದು? ದೊಡ್ಡವನು ವಿಡಿಯೊ ಗೇಮ್ ಕೇಳಿದ್ದಾನೆ, ಚಿಕ್ಕವಳಿಗೆ ಸೈಕಲ್ಲು ಬೇಕು. ಜನವರಿ ಒಂದಕ್ಕೆ ಮನೆ ಬಾಡಿಗೆ ಕಟ್ಟಬೇಕು, ಚಳಿಗಾಲದ ಹೀಟರಿನ ಬಿಲ್ಲು ಬೇರೆ. ಒಬ್ಬಳೇ ತಾಯಿ ಸಂಸಾರ ತೂಗಿಸುವ ಮನೆಯಾದರೆ ಈ ಸಭೆಗೆ ಎರಡನೆಯ ಸದಸ್ಯನೂ ಇಲ್ಲ. ಅವಳು ತನ್ನೊಡನೆಯೇ ಚರ್ಚಿಸಿ ತಾನೇ ತೀರ್ಮಾನಿಸಬೇಕು.

ಗ್ಯಾಲಪ್ ಸಂಸ್ಥೆ ಪ್ರತಿವರ್ಷ ಅಮೆರಿಕನ್ನರನ್ನು, ಈ ಸಲ ಕ್ರಿಸ್‌ಮಸ್ ಉಡುಗೊರೆಗಳಿಗೆ ಎಷ್ಟು ಖರ್ಚು ಮಾಡುವಿರಿ ಎಂದು ಕೇಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬರುವ ಸರಾಸರಿ ಉತ್ತರ ಸಾವಿರ ಡಾಲರಿನ ಆಸುಪಾಸಿನಲ್ಲಿ ಓಡಾಡುತ್ತಿದೆ. ಸರಾಸರಿ ಎಂಬುದು ಮೋಸದ ಮಾತು; ಐದು ಸಾವಿರ ಸುರಿಯುವವನೂ ಐವತ್ತಕ್ಕೆ ತಡಕಾಡುವವನೂ ಅದರಲ್ಲಿ ಸೇರಿರುತ್ತಾರೆ. ಆದರೆ ಆ ಐವತ್ತು ಡಾಲರಿನ ಮನೆಯ ಮಗುವೂ ಐದು ಸಾವಿರದ ಮನೆಯ ಮಗುವೂ ಜನವರಿಯಲ್ಲಿ ಒಂದೇ ಶಾಲೆಯ ಒಂದೇ ಬೆಂಚಿನ ಮೇಲೆ ಕೂತು, ‘ನಿನಗೇನು ಸಿಕ್ಕಿತು?’ ಎಂದು ಪರಸ್ಪರ ಕೇಳುತ್ತವೆ. ತಂದೆತಾಯಿಯರ ನಿದ್ದೆ ಕೆಡಿಸುವುದು ಈ ಪ್ರಶ್ನೆಯೇ.

ಮಕ್ಕಳ ಹಬ್ಬವಾದದ್ದು ಹೇಗೆ?

ಕ್ರಿಸ್‌ಮಸ್ ಎಂದರೆ ಮಕ್ಕಳಿಗೆ ಉಡುಗೊರೆ ಎಂಬ ಸಮೀಕರಣ ಬಹಳ ಹಳೆಯದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ನೆಲೆಸಿದ ಪ್ಯೂರಿಟನ್ನರು ಈ ಹಬ್ಬವನ್ನೇ ಒಪ್ಪುತ್ತಿರಲಿಲ್ಲ. ಬೈಬಲಿನಲ್ಲಿ ಡಿಸೆಂಬರ್ 25 ಎಂಬ ತಾರೀಖೇ ಇಲ್ಲ ಎಂಬುದು ಅವರ ವಾದ. 1659ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ ಅಂದು ಕೆಲಸ ಬಿಟ್ಟು ಹಬ್ಬ ಮಾಡಿದವರಿಗೆ 5 ಷಿಲ್ಲಿಂಗ್ ದಂಡ. 1681ರಲ್ಲಿ ಆ ಕಾನೂನು ರದ್ದಾಯಿತು. ಹಬ್ಬ ಆಚರಿಸುತ್ತಿದ್ದ ಬೇರೆ ಕಡೆಗಳಲ್ಲೂ ಅದು ಹೆಚ್ಚಾಗಿ ದೊಡ್ಡವರ ಹಬ್ಬವಾಗಿತ್ತು. ಕುಡಿತ, ಕುಣಿತ, ಬೀದಿಯ ಗದ್ದಲ ಇದ್ದವು. ಒಡೆಯ ಆಳುಗಳಿಗೆ, ಶ್ರೀಮಂತ ಬಡವನಿಗೆ ಊಟವನ್ನೋ ಕಾಸನ್ನೋ ಕೊಡುವುದು ರೂಢಿಯಾಗಿತ್ತು. ಕೊಡುಗೆ ಮೇಲಿನಿಂದ ಕೆಳಗೆ ಹರಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹರಿವು ಮನೆಯೊಳಕ್ಕೆ ತಿರುಗಿತು. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಒಂದು ಪದ್ಯ ಪ್ರಕಟವಾಯಿತು. ಸಂತ ನಿಕೊಲಸ್ ಹಿಮಸಾರಂಗಗಳ ಗಾಡಿಯಲ್ಲಿ ಬಂದು, ಹೊಗೆಗೂಡಿನಿಂದ ಇಳಿದು, ಮಕ್ಕಳ ಕಾಲುಚೀಲಗಳಲ್ಲಿ ಆಟಿಕೆ ತುಂಬಿ ಹೋಗುವ ಪದ್ಯ ಅದು. ಕ್ಲೆಮೆಂಟ್ ಕ್ಲಾರ್ಕ್ ಮೂರ್ ಅವರದೆಂದು ಬಳಿಕ ಹೆಸರಾಯಿತು. ಬೀದಿಯ ಹಬ್ಬ ಮನೆಯ ಹಬ್ಬವಾಗಲು, ಬಡವನ ಜಾಗದಲ್ಲಿ ಮಗು ಬಂದು ನಿಲ್ಲಲು ಇಂಥ ಪದ್ಯ, ಚಿತ್ರಗಳು ನೆರವಾದವು. ಆಳಿಗೆ ಎಷ್ಟು ಕೊಟ್ಟರೂ ಸಾಕು ಎನ್ನಬಹುದಿತ್ತು. ಸ್ವಂತ ಮಗುವಿಗೆ ಎಷ್ಟು ಕೊಟ್ಟರೆ ಸಾಕು ಎಂದು ಯಾರು ಹೇಳಬೇಕು?

ಆ ಪ್ರಶ್ನೆಗೆ ಅಂಗಡಿಯವರು ಸಂತೋಷದಿಂದ ಉತ್ತರ ಕೊಟ್ಟರು. ಸಿಯರ್ಸ್ ಕಂಪನಿ 1933ರಲ್ಲಿ ಕ್ರಿಸ್‌ಮಸ್‌ಗೆಂದೇ ಪ್ರತ್ಯೇಕ ಕ್ಯಾಟಲಾಗು ಹೊರತಂದಿತು. ಮಕ್ಕಳು ಅದನ್ನು ನೆಲದ ಮೇಲೆ ಹರಡಿಕೊಂಡು, ಬೇಕಾದ ವಸ್ತುವಿನ ಸುತ್ತ ಪೆನ್ಸಿಲಿನಿಂದ ಸೊನ್ನೆ ಸುತ್ತುತ್ತಿದ್ದರು. ಬ್ರಿಟನ್ನಿನಲ್ಲಿ 1973ರಿಂದ 2020ರವರೆಗೆ ಆರ್ಗೋಸ್ ಕಂಪನಿಯ ದಪ್ಪ ಕ್ಯಾಟಲಾಗು ಇದೇ ಕೆಲಸ ಮಾಡಿತು. ಈಗ ಕಾಗದದ ಪುಟದ ಬದಲು ಫೋನಿನ ಪರದೆ ಬಂದಿದೆ. ಕ್ಯಾಟಲಾಗಿಗಾದರೂ ಕೊನೆಯ ಪುಟ ಎಂಬುದೊಂದಿತ್ತು. ಪರದೆಗೆ ಅದೂ ಇಲ್ಲ.

ಹಳೆಯ ಕಾಲದ ಅಳತೆ

ಹಿಂದೆ ಮಕ್ಕಳು ಎಷ್ಟಕ್ಕೆ ಸಂತೋಷಪಡುತ್ತಿದ್ದರು ಎಂಬುದಕ್ಕೆ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ (1935) ಪುಸ್ತಕವನ್ನು ಅಲ್ಲಿಯವರು ಮತ್ತೆ ಮತ್ತೆ ನೆನೆಯುತ್ತಾರೆ. ಕಾನ್ಸಸ್‌ನ ಬಯಲಿನಲ್ಲಿ ಒಂಟಿ ಮನೆ, ಉಕ್ಕಿ ಹರಿಯುವ ಹಳ್ಳ. ಈ ಸಲ ಸಾಂತಾ ಬರಲಾರ ಎಂದು ಮಕ್ಕಳು ಆಸೆ ಬಿಟ್ಟಿರುವಾಗ ನೆರೆಯ ಎಡ್ವರ್ಡ್ಸ್ ಹಳ್ಳ ಈಜಿ ಬರುತ್ತಾನೆ. ಇಬ್ಬರು ಹುಡುಗಿಯರಿಗೆ ತಲಾ ಒಂದು ತಗಡಿನ ಲೋಟ, ಒಂದು ಪೆಪ್ಪರಮೆಂಟ್ ಕಡ್ಡಿ, ಒಂದು ಪುಟ್ಟ ಕೇಕು, ಒಂದು ಪೆನ್ನಿ ಸಿಗುತ್ತದೆ. ಅದುವರೆಗೆ ಇಬ್ಬರೂ ಒಂದೇ ಲೋಟದಲ್ಲಿ ನೀರು ಕುಡಿಯುತ್ತಿದ್ದವರು. ಸ್ವಂತಕ್ಕೊಂದು ಲೋಟ ಸಿಕ್ಕಿತೆಂಬುದೇ ಅವರಿಗೆ ಆಕಾಶ ಕೈಗೆ ಸಿಕ್ಕಷ್ಟು ಸಂತೋಷ.

ಇದನ್ನು ಓದಿ, ‘ನೋಡು, ಆ ಮಕ್ಕಳು ಎಷ್ಟರಲ್ಲಿ ತೃಪ್ತಿಪಟ್ಟರು’ ಎಂದು ಇಂದಿನ ಮಗುವಿಗೆ ಉಪದೇಶ ಮಾಡುವುದು ಸುಲಭ. ಅದರಿಂದ ಪ್ರಯೋಜನ ಇಲ್ಲ. ಆ ಹುಡುಗಿಯರಿಗೆ ಹೋಲಿಸಿಕೊಳ್ಳಲು ಪಕ್ಕದ ಮನೆಯೇ ಇರಲಿಲ್ಲ. ಇಂದಿನ ಮಗುವಿನ ಸುತ್ತ ಇಡೀ ಊರಿದೆ, ಕೈಯಲ್ಲಿ ಇಡೀ ಲೋಕವಿದೆ. ಕತೆಯಿಂದ ಕಲಿಯಬೇಕಾದದ್ದು ಬೇರೆ. ಲೋಟದ ಬೆಲೆ ಅಂಗಡಿಯಲ್ಲಿ ಕೆಲವು ಸೆಂಟುಗಳಿರಬಹುದು. ಅದು ಆ ಮನೆಯಲ್ಲಿ ಇಲ್ಲದ ವಸ್ತುವಾಗಿತ್ತು, ಒಬ್ಬ ಮನುಷ್ಯ ಕಷ್ಟಪಟ್ಟು ತಂದದ್ದಾಗಿತ್ತು. ಉಡುಗೊರೆಯ ತೂಕ ಬಂದದ್ದು ಅಲ್ಲಿಂದ.

ಸಂಕೋಚದ ಉಡುಗೊರೆಗಳು

ಈ ಖರ್ಚಿನ ಬಗ್ಗೆ ದೂರು ಇಂದು ನಿನ್ನೆಯದಲ್ಲ. 1912ರಲ್ಲಿ ನ್ಯೂಯಾರ್ಕಿನಲ್ಲಿ ‘ನಿರುಪಯುಕ್ತ ಉಡುಗೊರೆ ತಡೆಗಟ್ಟುವ ಸಂಘ’ ಹುಟ್ಟಿಕೊಂಡಿತು. ಇದನ್ನು ಕಟ್ಟಿದವರು ಎಲಿನಾರ್ ಬೆಲ್ಮಾಂಟ್ ಮತ್ತು ಆನ್ ಮಾರ್ಗನ್ ಎಂಬ ಇಬ್ಬರು ಸಿರಿವಂತ ಮಹಿಳೆಯರು. ಆದರೆ ಸಂಘದ ಬಲ ಇದ್ದದ್ದು ಅಂಗಡಿಗಳಲ್ಲಿ ದುಡಿಯುವ ಸಾಮಾನ್ಯ ಹೆಣ್ಣುಮಕ್ಕಳಲ್ಲಿ. ಮೇಲ್ವಿಚಾರಕರಿಗೆ ಕ್ರಿಸ್‌ಮಸ್ ಉಡುಗೊರೆ ಕೊಡಲು ಅವರು ತಮ್ಮ ಸಣ್ಣ ಸಂಬಳದಿಂದ ವಂತಿಗೆ ಹಾಕಬೇಕಿತ್ತು. ಒಬ್ಬಳು ಕೊಟ್ಟರೆ ಇನ್ನೊಬ್ಬಳು ಕೊಡದಿರುವಂತಿಲ್ಲ. ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಕೂಡ ಈ ಸಂಘದ ಸದಸ್ಯರಾದರು. ಪ್ರೀತಿಗಾಗಿ ಕೊಡುವುದನ್ನು ಸಂಘ ವಿರೋಧಿಸಲಿಲ್ಲ. ‘ಜನ ಏನೆಂದಾರು’ ಎಂದು ಹೆದರಿ ಕೊಡುವುದು ಬೇಡ ಎಂದಿತು.

ಮಕ್ಕಳ ಉಡುಗೊರೆಯ ಪಟ್ಟಿಗೂ ಈ ಪರೀಕ್ಷೆ ಹಚ್ಚಿ ನೋಡಬಹುದು. ಇದು ಮಗುವಿಗಾಗಿಯೋ, ನೆರೆಯವರಿಗಾಗಿಯೋ? ಇಡೀ ವರ್ಷ ಮಗುವಿಗೆ ಸಮಯ ಕೊಡಲಾಗಲಿಲ್ಲ ಎಂಬ ತಪ್ಪಿನ ಭಾವಕ್ಕೆ ಕಟ್ಟುವ ದಂಡವೋ? ತಂದೆಗೆ ಬಾಲ್ಯದಲ್ಲಿ ಸಿಗದ ಆಟದ ರೈಲನ್ನು ಈಗ ಮಗನ ಹೆಸರಿನಲ್ಲಿ ಕೊಳ್ಳುತ್ತಿರುವುದೋ? ಕೊನೆಯದರಲ್ಲಿ ದೊಡ್ಡ ತಪ್ಪಿಲ್ಲ. ಆದರೆ ಆ ರೈಲಿನ ಖರ್ಚನ್ನು ತಂದೆಯ ಲೆಕ್ಕಕ್ಕೆ ಬರೆಯುವುದು ನ್ಯಾಯ.

1993ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗಲ್ ಇದನ್ನೇ ಅಂಕಿಗಳಲ್ಲಿ ಹೇಳಲು ಹೊರಟರು. ತಮ್ಮ ವಿದ್ಯಾರ್ಥಿಗಳನ್ನು, ನಿಮಗೆ ಬಂದ ಉಡುಗೊರೆಗಳ ಅಂಗಡಿ ಬೆಲೆ ಎಷ್ಟು, ನಿಮ್ಮ ಮಟ್ಟಿಗೆ ಅವುಗಳ ಬೆಲೆ ಎಷ್ಟು ಎಂದು ಕೇಳಿದರು. ಖರ್ಚಾದ ಹಣದ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಪೋಲಾಗುತ್ತದೆ ಎಂದು ಅವರ ಲೆಕ್ಕ ಹೇಳಿತು. ನೂರು ಡಾಲರ್ ಕೊಟ್ಟು ತಂದ ಅಂಗಿ, ತೊಡುವವನಿಗೆ ಎಪ್ಪತ್ತೋ ಎಂಬತ್ತೋ ಡಾಲರಿನದಾಗಿ ಕಾಣುತ್ತದೆ ಎಂದರ್ಥ. ಉಡುಗೊರೆಯ ಹಿಂದಿನ ಪ್ರೀತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಅವರು ಮೊದಲೇ ಹೇಳಿದ್ದರು ಎಂಬುದನ್ನೂ ಮರೆಯಬಾರದು. ಪ್ರೀತಿಯನ್ನು ಕಳೆದು ಲೆಕ್ಕ ಹಾಕಿದರೆ ಹಬ್ಬಗಳೆಲ್ಲ ನಷ್ಟದ ಬಾಬ್ತೇ. ಆದರೂ ಅವರ ಸಂಶೋಧನೆಯಲ್ಲಿ ಒಂದು ಕಿವಿಮಾತಿದೆ. ಪಡೆಯುವವನ ಇಷ್ಟಾನಿಷ್ಟ ಚೆನ್ನಾಗಿ ಬಲ್ಲವರು ಕೊಟ್ಟಾಗ ಪೋಲು ಕಡಿಮೆ; ದೂರದವರು ಅಂದಾಜಿನಲ್ಲಿ ಕೊಟ್ಟಾಗ ಹೆಚ್ಚು. ಮಗುವನ್ನು ಗಮನಿಸುವುದಕ್ಕೆ ದುಡ್ಡು ಬೇಕಿಲ್ಲ, ಆದರೆ ಅದು ದುಡ್ಡು ಉಳಿಸುತ್ತದೆ.

ಆಸೆ ಹುಟ್ಟಿಸುವ ಕಾರ್ಖಾನೆ

ಮಗು ಕೇಳುವುದೆಲ್ಲ ಮಗುವಿನದೇ ಆಸೆ ಎಂದು ನಂಬುವಂತಿಲ್ಲ. 1983ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದಲ್ಲಿ ‘ಕ್ಯಾಬೇಜ್ ಪ್ಯಾಚ್ ಕಿಡ್ಸ್’ ಎಂಬ ಗೊಂಬೆಗಳ ಹುಚ್ಚು ಹಬ್ಬಿತು. ಪ್ರತಿ ಗೊಂಬೆಗೂ ಒಂದು ಹೆಸರು, ಜೊತೆಗೆ ‘ದತ್ತು ಪತ್ರ’. ಮೂವತ್ತು ಡಾಲರಿನೊಳಗಿನ ಗೊಂಬೆಗಾಗಿ ದೊಡ್ಡವರು ಅಂಗಡಿಗಳಲ್ಲಿ ಒಬ್ಬರನ್ನೊಬ್ಬರು ತಳ್ಳಾಡಿದರು. ಪೆನ್ಸಿಲ್ವೇನಿಯಾದ ಒಂದು ಅಂಗಡಿಯಲ್ಲಿ ಜನರನ್ನು ತಡೆಯಲು ಮ್ಯಾನೇಜರು ಬೇಸ್‌ಬಾಲ್ ದಾಂಡು ಹಿಡಿದು ನಿಲ್ಲಬೇಕಾಯಿತು. 1996ರಲ್ಲಿ ಕಚಗುಳಿಯಿಟ್ಟರೆ ನಗುವ ‘ಎಲ್ಮೋ’ ಬೊಂಬೆಯ ಸರದಿ. ಅದರ ಬೆಲೆಯೂ ಮೂವತ್ತು ಡಾಲರಿನೊಳಗೇ ಇತ್ತು. ಕೈಬದಲಾಗಿ ಮಾರಾಟವಾದದ್ದು ನೂರಾರು ಡಾಲರಿಗೆ. ಕೆನಡಾದ ಫ್ರೆಡರಿಕ್ಟನ್‌ನಲ್ಲಿ ಅಂಗಡಿಯ ನೌಕರನೊಬ್ಬ ಗ್ರಾಹಕರ ಕಾಲ್ತುಳಿತಕ್ಕೆ ಸಿಕ್ಕಿ ಗಾಯಗೊಂಡ. ಇಷ್ಟಾಗಿ ಮೂರು ವರ್ಷದ ಮಗು ಆ ಬೊಂಬೆಯೊಡನೆ ಎಷ್ಟು ದಿನ ಆಡಿತೆಂಬ ಲೆಕ್ಕವನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕಲಿಲ್ಲ.

ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ 1984ರ ತಮ್ಮ ಪುಸ್ತಕದಲ್ಲಿ ಇದರ ಹಿಂದಿನ ಒಂದು ತಂತ್ರವನ್ನು ವಿವರಿಸಿದ್ದಾರೆ. ಹಬ್ಬಕ್ಕೆ ಮುಂಚೆ ಟಿ.ವಿ.ಯಲ್ಲಿ ಒಂದು ಆಟಿಕೆಯ ಜಾಹೀರಾತು ಬಿಡುವಿಲ್ಲದೆ ಬರುತ್ತದೆ. ಮಗು ಕೇಳುತ್ತದೆ, ಅಪ್ಪ ‘ಆಗಲಿ’ ಎನ್ನುತ್ತಾನೆ. ಅಂಗಡಿಗೆ ಹೋದರೆ ಸರಕು ಮುಗಿದಿದೆ. ಅಪ್ಪ ಅಷ್ಟೇ ಬೆಲೆಯ ಬೇರೆ ಆಟಿಕೆ ಕೊಂಡು ಸಮಾಧಾನ ಮಾಡುತ್ತಾನೆ. ಜನವರಿಯಲ್ಲಿ ಅದೇ ಜಾಹೀರಾತು ಮರಳಿ ಬರುತ್ತದೆ, ಸರಕೂ ಬರುತ್ತದೆ. ‘ಕೊಡಿಸುತ್ತೇನೆ ಅಂದಿದ್ದೆಯಲ್ಲ’ ಎಂದು ಮಗು ನೆನಪಿಸುತ್ತದೆ. ಕೊಟ್ಟ ಮಾತಿಗೆ ತಪ್ಪಬಾರದೆಂದು ಅಪ್ಪ ಎರಡನೆಯ ಸಲ ದುಡ್ಡು ಬಿಚ್ಚುತ್ತಾನೆ. ಅಪ್ಪನ ಪ್ರಾಮಾಣಿಕತೆಯೇ ಇಲ್ಲಿ ಕಂಪನಿಯ ಬಂಡವಾಳ. ಆದ್ದರಿಂದ ಮಾತು ಕೊಡುವ ಮುನ್ನ ‘ಪಟ್ಟಿಯಲ್ಲಿ ಬರೆದಿಡು, ನೋಡೋಣ’ ಎನ್ನುವುದು ಒಳ್ಳೆಯದು.

ಮಕ್ಕಳಿಗೆ ಗುರಿಯಿಟ್ಟ ಜಾಹೀರಾತನ್ನು ತಡೆಯಲು ಕೆಲವು ಕಡೆ ಕಾನೂನೇ ಬಂದಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1980ರಿಂದ ಹದಿಮೂರು ವರ್ಷದೊಳಗಿನವರನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತನ್ನು ನಿಷೇಧಿಸಿದೆ. ಸ್ವೀಡನ್ನಿನಲ್ಲಿ ಹನ್ನೆರಡು ವರ್ಷದೊಳಗಿನವರಿಗಾಗಿ ಟಿ.ವಿ. ಜಾಹೀರಾತು ಮಾಡುವುದಕ್ಕೆ 1991ರಿಂದ ನಿಷೇಧವಿದೆ. ಅಮೆರಿಕದಲ್ಲಿ 1978ರಲ್ಲಿ ಅಂಥ ಒಂದು ಪ್ರಸ್ತಾವ ಬಂದು, ಉದ್ಯಮಗಳ ವಿರೋಧದಿಂದ ಬಿದ್ದುಹೋಯಿತು. ಅಲ್ಲಿ ಕಾವಲು ಕಾಯುವ ಕೆಲಸ ತಂದೆತಾಯಿಯರದೇ.

ಹಣ ಎಲ್ಲಿಂದ ಬರುತ್ತದೆ?

ಎಷ್ಟು ಖರ್ಚು ಮಾಡುವುದು ಎಂಬುದಕ್ಕಿಂತ ಯಾವ ತಿಂಗಳ ದುಡ್ಡು ಖರ್ಚು ಮಾಡುವುದು ಎಂಬ ಪ್ರಶ್ನೆ ಮುಖ್ಯ. ಹಬ್ಬಕ್ಕೆ ಮುಂಚಿನ ತಿಂಗಳುಗಳದೋ, ಹಬ್ಬದ ನಂತರದ್ದೋ?

ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದರಲ್ಲಿ 1909ರಲ್ಲಿ ಮರ್ಕೆಲ್ ಲ್ಯಾಂಡಿಸ್ ಎಂಬ ಅಧಿಕಾರಿ ‘ಕ್ರಿಸ್‌ಮಸ್ ಕ್ಲಬ್’ ಆರಂಭಿಸಿದರು. ವಾರವಾರವೂ ಚಿಲ್ಲರೆ ಕಾಸು ಕಟ್ಟುತ್ತ ಹೋದರೆ ಡಿಸೆಂಬರಿನಲ್ಲಿ ಒಟ್ಟಾಗಿ ಕೈಗೆ ಬರುತ್ತದೆ. ಹನಿಗೂಡಿದರೆ ಹಳ್ಳ ಎಂಬ ಸರಳ ತತ್ವ. ಇದು ದೇಶದ ತುಂಬ ಹರಡಿತು. ಕರ್ನಾಟಕದ ಬಡಾವಣೆಗಳಲ್ಲಿ ನಡೆಯುವ ಯುಗಾದಿ ಚೀಟಿ, ಪಟಾಕಿ ಚೀಟಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ‘ಲೇಅವೇ’ ಎಂಬ ಇನ್ನೊಂದು ಪದ್ಧತಿಯೂ ಇತ್ತು. ಅಂಗಡಿಯವನು ವಸ್ತುವನ್ನು ಹೆಸರು ಬರೆದು ಎತ್ತಿಡುತ್ತಾನೆ. ಗ್ರಾಹಕ ಕಂತುಕಂತಾಗಿ ಹಣ ಕಟ್ಟಿ, ಪೂರ್ತಿ ತೀರಿದ ಮೇಲೆ ಒಯ್ಯುತ್ತಾನೆ. 2011ರ ಡಿಸೆಂಬರಿನಲ್ಲಿ ಅಮೆರಿಕದ ಹಲವು ಕೆ-ಮಾರ್ಟ್ ಅಂಗಡಿಗಳಿಗೆ ಅಪರಿಚಿತರು ಬಂದು, ಹೆಸರು ಹೇಳದೆ, ಬೇರೆಯವರು ಮಕ್ಕಳಿಗೆಂದು ಎತ್ತಿಡಿಸಿದ್ದ ವಸ್ತುಗಳ ಬಾಕಿ ತೀರಿಸಿ ಹೋದರು. ವಾಲ್‌ಮಾರ್ಟ್ 2021ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟು, ಮೊದಲು ಒಯ್ದು ಬಳಿಕ ಕಟ್ಟುವ ಸಾಲದ ಏರ್ಪಾಟಿಗೆ ಬದಲಾಯಿತು. ಎರಡರಲ್ಲೂ ಕಂತು ಇದೆ. ಮೊದಲನೆಯದರಲ್ಲಿ ಕಂತು ಮುಗಿದ ಮೇಲೆ ಸಂತೋಷ, ಎರಡನೆಯದರಲ್ಲಿ ಸಂತೋಷ ಮುಗಿದ ಮೇಲೂ ಕಂತು.

ಲೆಕ್ಕ ಬಲ್ಲ ಹೈಸ್ಕೂಲು ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. 600 ಡಾಲರಿನ ಉಡುಗೊರೆಗಳನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರು, ಬಡ್ಡಿ ವರ್ಷಕ್ಕೆ ಶೇಕಡಾ 24, ಅಂದರೆ ತಿಂಗಳಿಗೆ ಶೇಕಡಾ 2 ಎಂದಿಟ್ಟುಕೊಳ್ಳಿ. ಜನವರಿಯಿಂದ ತಿಂಗಳಿಗೆ 50 ಡಾಲರಿನಂತೆ ಕಟ್ಟಿದರೆ ಸಾಲ ತೀರಲು 14 ತಿಂಗಳು ಬೇಕು. ಬಡ್ಡಿಯೇ 93 ಡಾಲರು. ಅಂದರೆ ಮುಂದಿನ ಕ್ರಿಸ್‌ಮಸ್ ಬಂದು ಹೋಗಿ ಫೆಬ್ರವರಿಯಾದರೂ ಹಿಂದಿನ ಹಬ್ಬದ ಸಾಲ ಇನ್ನೂ ಇರುತ್ತದೆ. ತಿಂಗಳಿಗೆ 25 ಡಾಲರ್ ಮಾತ್ರ ಕಟ್ಟಿದರೆ 33 ತಿಂಗಳು ಕಳೆದರೂ ಸ್ವಲ್ಪ ಬಾಕಿ ಉಳಿಯುತ್ತದೆ. ಬಡ್ಡಿ 225 ಡಾಲರು ಮುಟ್ಟುತ್ತದೆ. ಆಟಿಕೆ ಅಷ್ಟು ಕಾಲ ಬಾಳುವುದು ಅನುಮಾನ. ಅದೇ 600ನ್ನು ಹಿಂದಿನ ಜನವರಿಯಿಂದ ತಿಂಗಳಿಗೆ 50ರಂತೆ ಎತ್ತಿಟ್ಟಿದ್ದರೆ ಡಿಸೆಂಬರಿಗೆ ಸರಿಯಾಗುತ್ತಿತ್ತು. ಕಟ್ಟುವ ಕಂತು ಎರಡರಲ್ಲೂ ಒಂದೇ, ಆರಂಭಿಸುವ ತಿಂಗಳು ಮಾತ್ರ ಬೇರೆ.

ಮುಂಗಡ ಉಳಿತಾಯಕ್ಕೂ ಎಚ್ಚರ ಬೇಕು. ಬ್ರಿಟನ್ನಿನ ಫೇರ್‌ಪ್ಯಾಕ್ ಎಂಬ ಕಂಪನಿ ಕ್ರಿಸ್‌ಮಸ್‌ಗಾಗಿ ತಿಂಗಳು ತಿಂಗಳು ಹಣ ಕಟ್ಟಿಸಿಕೊಂಡು, ಹಬ್ಬದ ಹೊತ್ತಿಗೆ ತಿನಿಸಿನ ಬುಟ್ಟಿ, ಅಂಗಡಿ ಕೂಪನ್ನು ಕೊಡುತ್ತಿತ್ತು. 2006ರ ಅಕ್ಟೋಬರಿನಲ್ಲಿ ಅದು ದಿವಾಳಿಯೆದ್ದಿತು. ಲಕ್ಷಕ್ಕೂ ಹೆಚ್ಚು ಕುಟುಂಬಗಳು, ಅವರಲ್ಲಿ ಬಹುಪಾಲು ಕಡಿಮೆ ವರಮಾನದವರು, ತಲಾ ಸುಮಾರು 400 ಪೌಂಡ್ ಕಳೆದುಕೊಂಡರು. ಏಜೆಂಟರಾಗಿ ಹಣ ಸಂಗ್ರಹಿಸಿದವರು ಎಷ್ಟೋ ಕಡೆ ಅದೇ ಬೀದಿಯ ಗೃಹಿಣಿಯರು. ನೆರೆಹೊರೆಗೆ ಮುಖ ತೋರಿಸಲಾಗದೆ ನಲುಗಿದವರು ಅವರು. ಬಹಳ ವರ್ಷಗಳ ನಂತರ ಸಿಕ್ಕಿದ್ದು ಕಟ್ಟಿದ್ದರ ಒಂದು ಭಾಗ ಮಾತ್ರ. ಸಾಲ ಮಾಡದೆ ಜಾಣತನದಿಂದ ಉಳಿಸಿದವರೇ ಇಲ್ಲಿ ಮೋಸಹೋದರು. ಉಳಿಸಬೇಕು ನಿಜ, ಆದರೆ ಹಣ ತಮ್ಮದೇ ಹೆಸರಿನ ಬ್ಯಾಂಕ್ ಖಾತೆಯಲ್ಲಿರಬೇಕು.

ಸಾಂತಾ ಪಕ್ಷಪಾತಿಯೇ?

ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಉಡುಗೊರೆ ತರುವವನು ಸಾಂತಾ, ಒಳ್ಳೆಯ ಮಕ್ಕಳಿಗೆ ಮಾತ್ರ ತರುತ್ತಾನೆ ಎಂದು ಹೇಳಿರುತ್ತಾರೆ. ಒಂದು ಮಗುವಿಗೆ ಸಾಂತಾ 500 ಡಾಲರಿನ ವಿಡಿಯೊ ಗೇಮ್ ತಂದ, ಅದೇ ತರಗತಿಯ ಇನ್ನೊಂದು ಮಗುವಿಗೆ ಕೈಗವಸು ಮತ್ತು ಬಣ್ಣದ ಪೆನ್ಸಿಲು ತಂದ. ಎರಡನೆಯ ಮಗು ಏನೆಂದು ತಿಳಿದುಕೊಳ್ಳಬೇಕು? ಅಪ್ಪನಲ್ಲಿ ದುಡ್ಡಿಲ್ಲ ಎಂದು ಅದಕ್ಕೆ ಹೊಳೆಯುವುದಿಲ್ಲ. ತಾನು ಒಳ್ಳೆಯವನಲ್ಲ ಎಂದೇ ಅದು ತಿಳಿಯುತ್ತದೆ. ಬಡತನ ಹೀಗೆ ಏಳು ವರ್ಷದ ಮಗುವಿನ ಕಣ್ಣಿನಲ್ಲಿ ನಡತೆಯ ದೋಷವಾಗಿಬಿಡುತ್ತದೆ.

ಇದಕ್ಕೆ ಅಲ್ಲಿನ ಅನೇಕ ಪಾಲಕರು, ಶಿಕ್ಷಕರು ಹೇಳುವ ಪರಿಹಾರ ಸರಳವಾದದ್ದು. ಸಾಂತಾನ ಹೆಸರಿನಲ್ಲಿ ಚಿಕ್ಕ ಉಡುಗೊರೆಯೊಂದೇ ಇರಲಿ. ದುಬಾರಿ ವಸ್ತುವನ್ನು ಅಪ್ಪ-ಅಮ್ಮ ತಮ್ಮ ಹೆಸರಿನಲ್ಲೇ ಕೊಡಲಿ. ಉಳ್ಳವರ ಮನೆಗೆ ಇದರಿಂದ ಒಂದು ಕಾಸಿನ ನಷ್ಟವೂ ಇಲ್ಲ. ಇಲ್ಲದವರ ಮನೆಯ ಮಗುವಿಗೆ ಮಾತ್ರ ದೊಡ್ಡ ಉಪಕಾರವಾಗುತ್ತದೆ. ತನ್ನ ಮಗುವಿಗೆ ಎಷ್ಟು ಕೊಡಬೇಕೆಂದು ಯೋಚಿಸುವಾಗ ಬೇರೆಯವರ ಮಗುವನ್ನೂ ನೆನೆಯುವ ಗುಣ ಇಲ್ಲಿಂದಲೇ ಆರಂಭವಾಗಬಹುದು.

ಸಾಂತಾನಿಗೆ ಮಕ್ಕಳು ಬರೆಯುವ ಕಾಗದಗಳನ್ನು ಅಮೆರಿಕದ ಅಂಚೆ ಇಲಾಖೆ ಕಸದ ಬುಟ್ಟಿಗೆ ಹಾಕುವುದಿಲ್ಲ. ಅವನ್ನು ನೌಕರರೂ ನಾಗರಿಕರೂ ತೆರೆದು ಉತ್ತರಿಸಲು 1912ರಲ್ಲಿ ಅಂದಿನ ಪೋಸ್ಟ್‌ಮಾಸ್ಟರ್ ಜನರಲ್ ಫ್ರಾಂಕ್ ಹಿಚ್‌ಕಾಕ್ ಅನುಮತಿ ಕೊಟ್ಟರು. ಆ ಕಾಗದಗಳಲ್ಲಿ ಆಟಿಕೆಗಳ ಜೊತೆಗೆ ಚಳಿಯ ಕೋಟು, ಶೂಗಳ ಬೇಡಿಕೆಯೂ ಇರುತ್ತದೆ. ತಮ್ಮನಿಗೆಂದು, ತಂಗಿಗೆಂದು ಕೇಳುವವರೂ ಇರುತ್ತಾರೆ. ಮನೆಯ ಕಷ್ಟ ಮಕ್ಕಳಿಗೆ ತಿಳಿಯುವುದಿಲ್ಲ ಎಂದು ದೊಡ್ಡವರು ತಿಳಿದಿರುವುದು ಎಷ್ಟು ಸುಳ್ಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತೀರ್ಮಾನಕ್ಕೆ ಬರುವ ಬಗೆ

ಹಾಗಾದರೆ ಎಷ್ಟು? ಎಲ್ಲ ಮನೆಗೂ ಹೊಂದುವ ಒಂದು ಅಂಕಿ ಇಲ್ಲ. ಆದರೆ ತೀರ್ಮಾನಕ್ಕೆ ಬರುವ ಕ್ರಮವೊಂದಿದೆ.

ಮೊದಲು ಮೊತ್ತ, ಆಮೇಲೆ ಪಟ್ಟಿ. ಬಾಡಿಗೆ, ಊಟ, ಶಾಲೆ, ಔಷಧಿಗಳಿಗೆ ಎತ್ತಿಟ್ಟು ಉಳಿದದ್ದರಲ್ಲಿ ಹಬ್ಬಕ್ಕೆ ಎಷ್ಟೆಂದು ಬರೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಹಾಸಿಗೆಯನ್ನು ಮೊದಲು ಅಳೆಯಬೇಕೆಂಬ ಮಾತೂ ಅಡಗಿದೆ. ಆ ಮೊತ್ತದಲ್ಲಿ ಹೊದಿಕೆ ಕಾಗದ, ಅಂಚೆ ಖರ್ಚು, ಆಟಿಕೆಗೆ ಬೇಕಾಗುವ ಬ್ಯಾಟರಿ, ಶಾಲೆಯಲ್ಲಿ ಕೇಳುವ ವಂತಿಗೆ ಎಲ್ಲವೂ ಸೇರಿರಬೇಕು. ಲೆಕ್ಕ ತಪ್ಪಿಸುವುದು ಸಾಮಾನ್ಯವಾಗಿ ಈ ಚಿಲ್ಲರೆ ಬಾಬ್ತುಗಳೇ.

ಎರಡನೆಯದು, ವಸ್ತುಗಳ ಎಣಿಕೆಗೆ ಮಿತಿ. ಅಮೆರಿಕದ ಅನೇಕ ಮನೆಗಳಲ್ಲಿ ‘ನಾಲ್ಕರ ನಿಯಮ’ ಬಳಕೆಯಲ್ಲಿದೆ. ಮಗು ಬಯಸಿದ್ದು ಒಂದು, ಅದಕ್ಕೆ ಅಗತ್ಯವಾದದ್ದು ಒಂದು, ತೊಡುವುದಕ್ಕೆ ಒಂದು, ಓದುವುದಕ್ಕೆ ಒಂದು. ಎಣಿಕೆ ಕಡಿಮೆಯಾದರೆ ಮಗುವಿಗೆ ನಷ್ಟವಿಲ್ಲ. ಒಹಾಯೊ ರಾಜ್ಯದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಡನೆ, ಇನ್ನೊಮ್ಮೆ 16 ಆಟಿಕೆಗಳೊಡನೆ ಆಡಲು ಬಿಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ನಾಲ್ಕೇ ಆಟಿಕೆ ಇದ್ದಾಗ ಮಕ್ಕಳು ಒಂದೊಂದರೊಡನೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದವು.

ಮೂರನೆಯದು, ಮಕ್ಕಳ ನಡುವಿನ ನ್ಯಾಯ. ನಾಲ್ಕು ವರ್ಷದವನು ಎಣಿಸುವುದು ಪೊಟ್ಟಣಗಳನ್ನು. ಹದಿನಾಲ್ಕರ ಅಕ್ಕನಿಗೆ ಬೆಲೆಗಳು ಗೊತ್ತು. ಒಂದೇ ಮೊತ್ತದಲ್ಲಿ ತಮ್ಮನಿಗೆ ಐದು ಸಣ್ಣ ಪೊಟ್ಟಣ, ಅಕ್ಕನಿಗೆ ಒಂದು ದೊಡ್ಡದು ಬಂದರೆ ಇಬ್ಬರಿಗೂ ನ್ಯಾಯ ಸಿಕ್ಕಿದಂತೆ. ಆದರೆ ಪೈಸೆಗೆ ಪೈಸೆ ಸಮ ಮಾಡಲು ಹೊರಟು, ಕೊರತೆ ತುಂಬಲೆಂದೇ ಬೇಡದ ವಸ್ತು ಕೊಳ್ಳುವುದು ಪೋಲು. ಒಬ್ಬಳಿಗೆ ಈ ವರ್ಷ ಸೈಕಲ್ಲು ಬೇಕಾದರೆ ಇನ್ನೊಬ್ಬನಿಗೆ ಮುಂದಿನ ವರ್ಷ ಬೇಕಾದೀತು. ನ್ಯಾಯವನ್ನು ಒಂದು ಹಬ್ಬದಲ್ಲೇ ತೂಗುವ ಬದಲು ಹತ್ತು ಹಬ್ಬಗಳಲ್ಲಿ ತೂಗಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಕೆಲಸ ಹೋದ ವರ್ಷ, ಕಾಯಿಲೆ ಬಂದ ವರ್ಷ ಮಕ್ಕಳಿಗೆ ಹೇಳುವುದು ಹೇಗೆ? ತೀರ ಚಿಕ್ಕವರಿಗೆ ಡಾಲರಿನ ಮಾತು ಬೇಡ. ಈ ಸಲ ಎರಡು ಪೊಟ್ಟಣ ಎಂದರೆ ಸಾಕು. ಹತ್ತರ ಆಸುಪಾಸಿನವರಿಗೆ ಮೊತ್ತ ಹೇಳಿ, ಅದರೊಳಗೆ ಆಯ್ಕೆಯನ್ನು ಅವರಿಗೇ ಬಿಡಬಹುದು. ಹೈಸ್ಕೂಲಿನವರಿಗೆ ಮನೆಯ ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದರೂ ತಪ್ಪಿಲ್ಲ. ಡಿಸೆಂಬರ್ 24ರ ರಾತ್ರಿ ಹೇಳುವುದು ಕ್ರೌರ್ಯ, ನವೆಂಬರಿನಲ್ಲೇ ಹೇಳುವುದು ವಿಶ್ವಾಸ. ‘ನಿನಗೆ ಕೊಡಿಸುವುದಿಲ್ಲ’ ಎನ್ನುವುದಕ್ಕೂ ‘ಈ ವರ್ಷ ಇಷ್ಟರಲ್ಲಿ ಹಬ್ಬ ಮಾಡಬೇಕು, ಹೇಗೆ ಮಾಡೋಣ ಹೇಳು’ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮಗು ಸೋತವನು, ಎರಡನೆಯದರಲ್ಲಿ ಸಲಹೆಗಾರ.

ಕನ್ನಡದ ಮನೆಗಳಲ್ಲಿ

ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ಎದುರಾಗುತ್ತದೆ. ಮನೆಯಲ್ಲಿ ದೀಪಾವಳಿ ಮುಗಿದು ತಿಂಗಳಾಗಿರುತ್ತದೆ. ಹೊಸ ಬಟ್ಟೆ, ಪಟಾಕಿ, ಸಿಹಿ ಎಲ್ಲ ಆಗಿದೆ. ಆದರೆ ಶಾಲೆಯ ಗೆಳೆಯರೆಲ್ಲ ಕ್ರಿಸ್‌ಮಸ್ ಮರದ ಮಾತಾಡುವಾಗ ಮಗು ತಾನೂ ಪಟ್ಟಿ ಬರೆಯುತ್ತದೆ. ಕೆಲವರು ಎರಡೂ ಹಬ್ಬಕ್ಕೆ ಪೂರ್ತಿ ಖರ್ಚು ಮಾಡಿ ಬಸವಳಿಯುತ್ತಾರೆ. ವರ್ಷಕ್ಕೆ ಇಷ್ಟು ಎಂದು ಒಂದೇ ಮೊತ್ತ ಗೊತ್ತುಮಾಡಿ, ಯಾವ ಹಬ್ಬಕ್ಕೆ ಎಷ್ಟೆಂದು ಮಗುವಿನೊಡನೆಯೇ ಹಂಚಿಕೆ ಮಾಡುವುದು ಮೇಲು.

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಹಬ್ಬದ ತೂಕ ಇರುವುದು ಬೇರೆ ಕಡೆ. ಅಲ್ಲಿ ಡಿಸೆಂಬರ್ ಎಂದರೆ ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಮುಂತಾದ ತಿಂಡಿಗಳನ್ನು ಮನೆಮಂದಿಯೆಲ್ಲ ಕೂತು ಮಾಡುತ್ತಾರೆ. ಮಕ್ಕಳು ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಕಿಡಿಯೊ ಸುರುಳಿ ಮಾಡುತ್ತಾರೆ. ಆಮೇಲೆ ತಟ್ಟೆಗಳು ಬೀದಿಯ ಎಲ್ಲ ಮನೆಗಳಿಗೂ, ಜಾತಿ ಮತ ನೋಡದೆ, ಹೋಗುತ್ತವೆ. ಗೋದಲಿ ಕಟ್ಟುವ ಕೆಲಸವೂ ಮಕ್ಕಳದೇ. ಹೊಸ ಬಟ್ಟೆಯೂ ಉಡುಗೊರೆಯೂ ಅಲ್ಲಿ ಇಲ್ಲವೆಂದಲ್ಲ. ಆದರೆ ಮಗು ಪಡೆಯುವವನಷ್ಟೇ ಆಗಿರದೆ ತಟ್ಟೆ ಹಿಡಿದು ಪಕ್ಕದ ಮನೆಗೆ ಕೊಡಲು ಹೋಗುವವನೂ ಆಗಿರುತ್ತಾನೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಬಯಕೆಯ ಪಟ್ಟಿ ಬರೆಯುವುದು ತಪ್ಪಲ್ಲ, ಆದರೆ ಪಟ್ಟಿ ಎಂದರೆ ಹೋಟೆಲಿನ ಆರ್ಡರು ಅಲ್ಲ. ಐದು ವಸ್ತು ಬರೆದರೆ ಅವಕ್ಕೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ, ಪಕ್ಕದಲ್ಲಿ ಬೆಲೆಯನ್ನೂ ಬರೆಯಿರಿ. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲು ಇರಲಿ: ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ ನೀವು ಏನು ಕೊಡುವಿರಿ? ಅದು ಅಂಗಡಿಯದೇ ಆಗಬೇಕಿಲ್ಲ. ಕೈಯಾರೆ ಮಾಡಿದ ಬೊಂಬೆಯೊಂದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1947ರ ಲಾಸ್ ಏಂಜಲೀಸಿನ ಉದಾಹರಣೆ ಇದೆ. ಮೇಜರ್ ಬಿಲ್ ಹೆಂಡ್ರಿಕ್ಸ್ ಅವರ ಪತ್ನಿ ಡಯಾನ್ ಬಟ್ಟೆಯ ಗೊಂಬೆಯೊಂದನ್ನು ಹೊಲಿದು, ಬಡ ಮಗುವಿಗೆ ತಲುಪಿಸುವ ಯಾವುದಾದರೂ ಸಂಸ್ಥೆಗೆ ಕೊಟ್ಟು ಬರಲು ಗಂಡನಿಗೆ ಹೇಳಿದರು. ಅಂಥ ಸಂಸ್ಥೆಯೇ ಸಿಗಲಿಲ್ಲ. ನೀವೇ ಒಂದನ್ನು ಆರಂಭಿಸಿ ಎಂದರು ಆಕೆ. ಮೇಜರರೂ ಅವರ ಮೆರೀನ್ ಮೀಸಲು ಪಡೆಯ ಸಂಗಡಿಗರೂ ಆ ವರ್ಷ 5,000 ಆಟಿಕೆ ಸಂಗ್ರಹಿಸಿ ಹಂಚಿದರು. ‘ಟಾಯ್ಸ್ ಫಾರ್ ಟಾಟ್ಸ್’ ಎಂಬ ಆ ಕಾರ್ಯಕ್ರಮ ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ನಡೆಯುತ್ತದೆ. ಬಟ್ಟೆ, ದಾರ, ಗುಂಡಿ ಸೇರಿಸಿದರೂ ಆ ಮೊದಲ ಗೊಂಬೆಗೆ ಹೆಚ್ಚು ಖರ್ಚಾಗಿರಲಾರದು.